ಯಾವುದು ಮೊದಲು ಸೋಲಬೇಕು? – ಹಲ್ಲುಗಾಲಿ ಮತ್ತು ಪಟ್ಟೆಗಳ ವಿನ್ಯಾಸ

(ಕೂಟದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಹಿತ್ಯ, ಸಂಗೀತ, ನಾಟಕಗಳಿಗೆ ಮೀಸಲಾದ ಈ ವೇದಿಕೆಯ ಮೇಲೆ ಯಂತ್ರಗಳ ಮಾತನ್ನಾಡಲು ಕರೆದಿದ್ದೀರಿ. ನಿಮ್ಮ ಈ ಔದಾರ್ಯಕ್ಕೆ ಮೊದಲು ವಂದನೆಗಳು. ನಮ್ಮಲ್ಲಿ ಎಂಜಿನಿಯರುಗಳಿಗೆ ಕೊರತೆಯೇನೂ ಇಲ್ಲ. ಆದರೆ ಬಹುಮಂದಿಯ ವೃತ್ತಿ ಕಂಪ್ಯೂಟರಿನದು. ಎಣ್ಣೆ, ಕಬ್ಬಿಣ, ರಬ್ಬರುಗಳ ಸಹವಾಸ ಕಾಲೇಜಿನ ವರ್ಕ್‌ಷಾಪಿನಲ್ಲಿಯೇ ಮುಗಿದಿರುತ್ತದೆ. ಆದುದರಿಂದ ಯಾವ ಪೂರ್ವಜ್ಞಾನವನ್ನೂ ನಿರೀಕ್ಷಿಸದೆ, ಮಕ್ಕಳೂ ಅನುಸರಿಸುವಂತೆ ವಿಷಯವನ್ನು ನಿರೂಪಿಸಲು ಯತ್ನಿಸುತ್ತೇನೆ.

ಒಂದು ಕಡೆ ಹುಟ್ಟಿದ ತಿರುಗುವಿಕೆಯನ್ನು ಇನ್ನೊಂದು ಕಡೆಗೆ ಒಯ್ದು ಕೊಡುವುದು ನಾನಿಂದು ಹೇಳಹೊರಟಿರುವ ಅಂಗಗಳ ಕೆಲಸ. ಗಿಯರು ಎಂದು ನಾವು ಕರೆಯುವುದನ್ನು ಹಲ್ಲುಗಾಲಿ ಎನ್ನೋಣ. ಬೆಲ್ಟಿಗೆ ಪಟ್ಟೆ ಎಂದೂ ಪುಲ್ಲಿಗೆ ರಾಟೆ ಎಂದೂ ಹೇಳೋಣ. ಇವನ್ನು ವಿನ್ಯಾಸಗೊಳಿಸುವವನ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ಎಷ್ಟು ವೇಗವನ್ನು ಕೊಟ್ಟು ಎಷ್ಟು ಬಲವನ್ನು ಪಡೆಯಬೇಕು? ಅದನ್ನು ಪಟ್ಟೆಯಿಂದ ಸಾಗಿಸಬೇಕೋ, ಹಲ್ಲುಗಾಲಿಯಿಂದಲೋ? ಹೊರಲಾಗದ ಭಾರ ಬಂದಾಗ ಯಂತ್ರದ ಯಾವ ಭಾಗ ಮೊದಲು ಸೋಲಬೇಕು? ಮೊದಲ ಎರಡಕ್ಕೆ ಪಠ್ಯಪುಸ್ತಕಗಳಲ್ಲಿ ಸೂತ್ರಗಳಿವೆ. ಮೂರನೆಯದಕ್ಕೆ ವಿವೇಚನೆ ಬೇಕು. ನನ್ನ ಮಾತಿನ ಗುರಿ ಆ ಮೂರನೆಯ ಪ್ರಶ್ನೆಯೇ.

ವೇಗ ಮತ್ತು ಬಲದ ವಿನಿಮಯ

ದೂರದ ಉದಾಹರಣೆ ಬೇಡ. ಇಡ್ಲಿ, ದೋಸೆಗಳಿಗಾಗಿ ನಮ್ಮಲ್ಲಿ ಅನೇಕರು ಭಾರತದಿಂದ ತಂದುಕೊಂಡಿರುವ ವೆಟ್ ಗ್ರೈಂಡರನ್ನೇ ತೆಗೆದುಕೊಳ್ಳೋಣ. ಅದರ ಮೋಟಾರು ಕಾಲು ಅಶ್ವಶಕ್ತಿಯದು, ಎಂದರೆ ಸುಮಾರು 187 ವ್ಯಾಟ್ ಎಂದಿಟ್ಟುಕೊಳ್ಳಿ. ಭಾರತದ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಪಾತ್ರೆಯನ್ನು ತಿರುಗಿಸಿದರೆ ಉದ್ದಿನ ಹಿಟ್ಟು ಗೋಡೆಯ ಮೇಲಿರುತ್ತದೆ. ಪಾತ್ರೆಗೆ ನಿಮಿಷಕ್ಕೆ 144 ಸುತ್ತು ಸಾಕು ಎಂದು ವಿನ್ಯಾಸಕ ನಿರ್ಧರಿಸುತ್ತಾನೆ. ಮೋಟಾರಿನ ದಂಡಕ್ಕೆ 30 ಮಿಲಿಮೀಟರ್ ವ್ಯಾಸದ ಚಿಕ್ಕ ರಾಟೆ, ಪಾತ್ರೆಯ ಕೆಳಗೆ 300 ಮಿಲಿಮೀಟರ್ ವ್ಯಾಸದ ದೊಡ್ಡ ರಾಟೆ, ಎರಡನ್ನೂ ಬಳಸಿದ ಒಂದು ಪಟ್ಟೆ: ವೇಗ ಹತ್ತನೆಯ ಒಂದಕ್ಕೆ ಇಳಿಯಿತು.

ಇಳಿದ ವೇಗ ವ್ಯರ್ಥವಾಗಲಿಲ್ಲ. ದಂಡವೊಂದನ್ನು ತಿರುಚುವ ಸಾಮರ್ಥ್ಯಕ್ಕೆ ಟಾರ್ಕ್ ಎಂಬ ಹೆಸರಿದೆ. ಕನ್ನಡದಲ್ಲಿ ತಿರುಚುಬಲ ಎನ್ನೋಣ. ಶಕ್ತಿಯೆಂಬುದು ತಿರುಚುಬಲ ಮತ್ತು ವೇಗಗಳ ಗುಣಲಬ್ಧ. ಒಂದನ್ನು ಹತ್ತರಿಂದ ಭಾಗಿಸಿದರೆ ಮತ್ತೊಂದು ಹತ್ತರಿಂದ ಗುಣಿಸಲ್ಪಡುತ್ತದೆ. ನಮ್ಮ ಮೋಟಾರು ಕೊಡುವ ತಿರುಚುಬಲ ಸುಮಾರು 1.24 ನ್ಯೂಟನ್-ಮೀಟರ್, ಪಾತ್ರೆಗೆ ಸಿಗುವುದು ಸುಮಾರು 12.4. ಅದರಲ್ಲಿಯೂ ಪಟ್ಟೆಯ ಬಾಗುವಿಕೆ, ಜಾರುವಿಕೆ, ಬೇರಿಂಗುಗಳ ಘರ್ಷಣೆ ಇವು ತಮ್ಮ ಸುಂಕವನ್ನು ಕಳೆದುಕೊಂಡೇ ಕೊಡುತ್ತವೆ. ಯಾವ ಹಲ್ಲುಗಾಲಿಯೂ, ಯಾವ ಪಟ್ಟೆಯೂ ಶಕ್ತಿಯನ್ನು ಹೆಚ್ಚಿಸಲಾರದು. ಇದು ವ್ಯಾಪಾರವೇ ಹೊರತು ದಾನವಲ್ಲ.

ಪಟ್ಟೆ ಹಿಡಿಯುವ ಬಗೆ

ಪಟ್ಟೆಗೆ ಹಲ್ಲಿಲ್ಲ, ಮೊಳೆಯಿಲ್ಲ. ಹಾಗಿದ್ದೂ ಅದು ರಾಟೆಯನ್ನು ಹೇಗೆ ತಿರುಗಿಸುತ್ತದೆ? ಕೇವಲ ಘರ್ಷಣೆಯಿಂದ. ದೋಣಿಯನ್ನು ದಡಕ್ಕೆ ಕಟ್ಟುವವರನ್ನು ನೀವು ನೋಡಿರಬಹುದು. ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ ಒಬ್ಬನೇ ತುದಿಯನ್ನು ಹಿಡಿದು ನಿಲ್ಲುತ್ತಾನೆ. ಅಷ್ಟು ದೊಡ್ಡ ದೋಣಿ ಕದಲುವುದಿಲ್ಲ. ಘರ್ಷಣೆಯ ಗುಣಾಂಕ 0.3 ಎಂದು ಭಾವಿಸಿ ಲೆಕ್ಕ ಹಾಕಿದರೆ, ಮೂರು ಸುತ್ತಿನಲ್ಲಿ ಒಂದು ಕಿಲೋ ಎಳೆತ ಸುಮಾರು 285 ಕಿಲೋ ಎಳೆತವನ್ನು ತಡೆದು ನಿಲ್ಲಿಸಬಲ್ಲದು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಇದರ ಸೂತ್ರವನ್ನು ಕೊಟ್ಟ. ಹಗ್ಗ ಎಷ್ಟು ಕೋನದಷ್ಟು ಕಂಬವನ್ನು ಅಪ್ಪಿದೆ ಎಂಬುದರ ಮೇಲೆ ಹಿಡಿತ ಘಾತೀಯವಾಗಿ, ಬಡ್ಡಿಯ ಮೇಲೆ ಬಡ್ಡಿ ಬೆಳೆಯುವ ಹಾಗೆ, ಬೆಳೆಯುತ್ತದೆ.

ಪಟ್ಟೆಯಾದರೋ ಮೂರು ಸುತ್ತು ಸುತ್ತಿಕೊಳ್ಳಲಾರದು. ನಮ್ಮ ಗ್ರೈಂಡರಿನಲ್ಲಿ ಎರಡು ರಾಟೆಗಳ ಕೇಂದ್ರಗಳ ನಡುವೆ 250 ಮಿಲಿಮೀಟರ್ ದೂರವಿದ್ದರೆ ಚಿಕ್ಕ ರಾಟೆಯನ್ನು ಪಟ್ಟೆ ಅಪ್ಪುವುದು ಸುಮಾರು 115 ಡಿಗ್ರಿ ಮಾತ್ರ. ಚಪ್ಪಟೆಯಾದ ಪಟ್ಟೆಯನ್ನು ಹಾಕಿದರೆ, ಬಿಗಿಯಾದ ಮಗ್ಗುಲಿನ ಎಳೆತ ಸಡಿಲ ಮಗ್ಗುಲಿನದಕ್ಕಿಂತ ಹೆಚ್ಚೆಂದರೆ 1.8 ಪಟ್ಟು ಆಗಬಹುದು. ಅದಕ್ಕೆ ಮೀರಿದರೆ ಜಾರುತ್ತದೆ. ಈ ಎರಡು ಎಳೆತಗಳ ವ್ಯತ್ಯಾಸವೇ ಕೆಲಸ ಮಾಡುವ ಬಲ. ನಮಗೆ ಬೇಕಾದ ವ್ಯತ್ಯಾಸ ಸುಮಾರು 83 ನ್ಯೂಟನ್, ಎಂದರೆ ಎಂಟೂವರೆ ಕಿಲೋದಷ್ಟು. ಅದನ್ನು ಪಡೆಯಲು ಚಪ್ಪಟೆ ಪಟ್ಟೆಯನ್ನು ಎಷ್ಟು ಬಿಗಿಯಬೇಕಾಗುತ್ತದೆಂದರೆ, ಎರಡೂ ಮಗ್ಗುಲು ಸೇರಿ ಸುಮಾರು 29 ಕಿಲೋ ಎಳೆತ ಉಂಟಾಗುತ್ತದೆ. ಅದನ್ನು ಹೊರುವುದು ಮೋಟಾರಿನ ಪುಟ್ಟ ಬೇರಿಂಗು.

ಈಗ ಪಟ್ಟೆಯನ್ನು ಬೆಣೆಯ ಆಕಾರಕ್ಕೆ ತಂದು, 40 ಡಿಗ್ರಿ ಕೋನದ ಗಾಡಿಯುಳ್ಳ ರಾಟೆಯಲ್ಲಿ ಕೂರಿಸೋಣ. ಇದೇ ವಿ-ಬೆಲ್ಟು. ಎಳೆದಷ್ಟೂ ಅದು ಗಾಡಿಯೊಳಕ್ಕೆ ಬೆಣೆಯಂತೆ ಇಳಿದು ಎರಡೂ ಗೋಡೆಗಳನ್ನು ಒತ್ತುತ್ತದೆ. ಘರ್ಷಣೆ ಸುಮಾರು ಮೂರು ಪಟ್ಟು ಹೆಚ್ಚಿದಂತೆ ವರ್ತಿಸುತ್ತದೆ. ಎಳೆತಗಳ ಅನುಪಾತ 1.8ರಿಂದ 5.8ಕ್ಕೆ ಏರುತ್ತದೆ, ಬೇರಿಂಗು ಹೊರುವ ಭಾರ 29 ಕಿಲೋದಿಂದ 12 ಕಿಲೋಗೆ ಇಳಿಯುತ್ತದೆ. ರಬ್ಬರು ಅದೇ, ಮೋಟಾರು ಅದೇ, ಬದಲಾದದ್ದು ಆಕಾರವೊಂದೇ. ನಮ್ಮ ಮನೆಗಳ ಬಟ್ಟೆ ಒಗೆಯುವ ಯಂತ್ರಗಳಲ್ಲಿ, ಕಾರಿನ ಬಾನೆಟ್ಟಿನಡಿಯಲ್ಲಿ ಕಾಣುವ ಉದ್ದುದ್ದ ಗೀರುಗಳುಳ್ಳ ತೆಳು ಪಟ್ಟೆಯೂ ಇದೇ ತತ್ತ್ವದ್ದು; ಅನೇಕ ಪುಟ್ಟ ಬೆಣೆಗಳನ್ನು ಅಕ್ಕಪಕ್ಕ ಜೋಡಿಸಿದ ರೂಪ ಅದು.

ಪಟ್ಟೆ ಜಾರುತ್ತಿದೆಯೆಂದು ಸಿಕ್ಕಾಪಟ್ಟೆ ಬಿಗಿಯುವುದು ಅನೇಕರ ಅಭ್ಯಾಸ. ಅತಿಯಾದರೆ ಅಮೃತವೂ ವಿಷ. ಸಡಿಲವಾದ ಪಟ್ಟೆ ತನ್ನನ್ನು ತಾನೇ ತೇಯ್ದುಕೊಳ್ಳುತ್ತದೆ. ಅತಿ ಬಿಗಿಯಾದ ಪಟ್ಟೆ ಬೇರಿಂಗನ್ನು ಬಲಿ ತೆಗೆದುಕೊಳ್ಳುತ್ತದೆ. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ.

ಐವತ್ತು ಮತ್ತು ಅರವತ್ತು

ಇಲ್ಲಿ ವಲಸಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಭಾರತದ ಗ್ರೈಂಡರನ್ನು ಅಮೆರಿಕದಲ್ಲಿ ಓಡಿಸಲು ಟ್ರಾನ್ಸ್‌ಫಾರ್ಮರ್ ಕೊಂಡರೆ ಸಾಕೆಂದು ಬಹಳ ಮಂದಿ ಭಾವಿಸುತ್ತಾರೆ. ಟ್ರಾನ್ಸ್‌ಫಾರ್ಮರ್ 120 ವೋಲ್ಟನ್ನು 230 ವೋಲ್ಟಿಗೆ ಏರಿಸುತ್ತದೆ, ನಿಜ. ಆದರೆ ಅದು ವಿದ್ಯುತ್ತಿನ ಆವರ್ತನವನ್ನು ಮುಟ್ಟುವುದಿಲ್ಲ. ಭಾರತದಲ್ಲಿ ಆವರ್ತನ ಸೆಕೆಂಡಿಗೆ 50, ಇಲ್ಲಿ 60. ಗ್ರೈಂಡರಿನ ಇಂಡಕ್ಷನ್ ಮೋಟಾರು ಆವರ್ತನವನ್ನೇ ಹಿಂಬಾಲಿಸುವ ಯಂತ್ರ. ಆದುದರಿಂದ 1440 ಸುತ್ತಿನ ಮೋಟಾರು ಇಲ್ಲಿ 1725ರ ಆಸುಪಾಸಿನಲ್ಲಿ ತಿರುಗುತ್ತದೆ. ಪಾತ್ರೆ 144ರ ಬದಲು ಸುಮಾರು 173 ಸುತ್ತು ತಿರುಗುತ್ತದೆ. ಹಿಟ್ಟು ಬೇಗ ಬಿಸಿಯಾಗುತ್ತದೆ. ಜೊತೆಗೆ, ಅದೇ ವೋಲ್ಟಿನಲ್ಲಿ ಆವರ್ತನ ಏರಿದಾಗ ಮೋಟಾರಿನ ಗರಿಷ್ಠ ತಿರುಚುಬಲ ಕುಗ್ಗುತ್ತದೆ. ಹೆಚ್ಚು ಓಡು ಎಂದು ಹೇಳಿ ಕಡಿಮೆ ಊಟ ಹಾಕಿದಂತೆ! ಮಿಕ್ಸಿಗೆ ಈ ಬಾಧೆ ಇಲ್ಲ. ಅದರ ಮೋಟಾರು ಬ್ರಷ್ ಉಳ್ಳದ್ದು, ಆವರ್ತನವನ್ನು ಅನುಸರಿಸುವಂಥದಲ್ಲ.

ಪರಿಹಾರವೇನು? ಪಟ್ಟೆಯ ಲೆಕ್ಕ ತಿಳಿದವನಿಗೆ ತಟ್ಟನೆ ಹೊಳೆಯುತ್ತದೆ: ಮೋಟಾರಿನ ರಾಟೆಯನ್ನು 30ರ ಬದಲು 25 ಮಿಲಿಮೀಟರಿಗೆ ಇಳಿಸಿದರೆ ಪಾತ್ರೆಯ ವೇಗ ಮತ್ತೆ 144ಕ್ಕೆ ಬರುತ್ತದೆ. ಆದರೆ ವಿನ್ಯಾಸದಲ್ಲಿ ಯಾವ ಬದಲಾವಣೆಯೂ ಒಂಟಿಯಾಗಿ ಬರುವುದಿಲ್ಲ. ರಾಟೆ ಚಿಕ್ಕದಾದಂತೆ ಪಟ್ಟೆ ಹೆಚ್ಚು ಬಾಗಬೇಕು. ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿದ ರಬ್ಬರು ಬೇಗ ಬಿರಿಯುತ್ತದೆ. ಪಟ್ಟೆ ಅಪ್ಪುವ ಕೋನವೂ ಇಳಿಯುತ್ತದೆ. ಆದ್ದರಿಂದಲೇ ತಯಾರಕರು ಪ್ರತಿ ಬಗೆಯ ಪಟ್ಟೆಗೂ ಇದಕ್ಕಿಂತ ಚಿಕ್ಕ ರಾಟೆ ಕೂಡದೆಂದು ಒಂದು ಮಿತಿಯನ್ನು ಸೂಚಿಸಿರುತ್ತಾರೆ. ಈಗ ಇಲ್ಲಿಯ ವಿದ್ಯುತ್ತಿಗಾಗಿಯೇ ತಯಾರಾದ ಗ್ರೈಂಡರುಗಳು ದೊರೆಯುತ್ತಿರುವುದರಿಂದ ಅವನ್ನು ಕೊಳ್ಳುವುದೇ ಜಾಣತನ.

ಲೋವೆಲ್ಲಿನ ಚರ್ಮದ ಪಟ್ಟೆಗಳು

ಪಟ್ಟೆಯೋ ಹಲ್ಲುಗಾಲಿಯೋ ಎಂಬ ಪ್ರಶ್ನೆಗೆ ಈ ದೇಶದ ಇತಿಹಾಸದಲ್ಲಿಯೇ ಒಂದು ಸೊಗಸಾದ ಅಧ್ಯಾಯವಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣ ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳ ತವರು. ಮೆರಿಮ್ಯಾಕ್ ನದಿಯ ನೀರು ಚಕ್ರಗಳನ್ನು ತಿರುಗಿಸುತ್ತಿತ್ತು. ಅಲ್ಲಿಂದ ಮೇಲಿನ ಅಂತಸ್ತುಗಳ ನೂರಾರು ಮಗ್ಗಗಳಿಗೆ ಆ ಚಲನೆಯನ್ನು ಒಯ್ಯಬೇಕಾಗಿತ್ತು. ಇಂಗ್ಲೆಂಡಿನ ಪದ್ಧತಿಯಂತೆ ಕಬ್ಬಿಣದ ದಂಡಗಳನ್ನೂ ಹಲ್ಲುಗಾಲಿಗಳನ್ನೂ ಬಳಸುತ್ತಿದ್ದರು. ಅಮೆರಿಕದಲ್ಲಿ ಆಗ ಹಲ್ಲುಗಾಲಿಗಳನ್ನು ನಯವಾಗಿ ಮಾಡುವ ಅನುಕೂಲ ಕಡಿಮೆ. ಒರಟು ಹಲ್ಲುಗಳು ಕಿವಿಗಡಚಿಕ್ಕುವಂತೆ ಸದ್ದು ಮಾಡುತ್ತಿದ್ದವು. ಒಂದು ಹಲ್ಲು ಮುರಿದರೆ ಕೆಲಸ ನಿಲ್ಲುತ್ತಿತ್ತು.

1828ರಲ್ಲಿ ಪಾಲ್ ಮೂಡಿ ಎಂಬ ಯಂತ್ರಕುಶಲಿ ಅಲ್ಲಿಯ ಆಪಲ್‌ಟನ್ ಗಿರಣಿಯಲ್ಲಿ ಮುಖ್ಯ ಹಲ್ಲುಗಾಲಿಗಳ ಬದಲಿಗೆ ಅಗಲವಾದ ಚರ್ಮದ ಪಟ್ಟೆಗಳನ್ನು ಹಾಕಿದ. ಪಟ್ಟೆ ಹೆಚ್ಚು ವೇಗದಲ್ಲಿ ಓಡುತ್ತಿತ್ತು, ಸದ್ದು ಕಡಿಮೆ, ಖರ್ಚೂ ಕಡಿಮೆ. ಹರಿದರೆ ಹೊಲಿದು ಮತ್ತೆ ಹಾಕಬಹುದಾಗಿತ್ತು. ಈ ಪದ್ಧತಿ ಅಮೆರಿಕದ ಗಿರಣಿಗಳಲ್ಲೆಲ್ಲ ಹಬ್ಬಿತು. ಲೋವೆಲ್ಲಿನ ಬೂಟ್ ಹತ್ತಿ ಗಿರಣಿ ಈಗ ಸಂಗ್ರಹಾಲಯವಾಗಿದೆ. ಹಳೆಯ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಮಕ್ಕಳೊಡನೆ ನೋಡಿ ಬರಲು ಯೋಗ್ಯವಾದ ಸ್ಥಳ.

ನಮ್ಮೂರಿನ ಹಿಟ್ಟಿನ ಗಿರಣಿಯಲ್ಲಿ ಉದ್ದನೆಯ ಪಟ್ಟೆಯ ಬೆಸುಗೆ ರಾಟೆಯ ಮೇಲೆ ಹಾಯುವಾಗಲೆಲ್ಲ ಟಪ್ ಟಪ್ ಎನ್ನುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೂ ಈ ಮನೆತನದ್ದೇ. ಆದರೆ ಆಲೆಮನೆಯಲ್ಲಿ ಎತ್ತುಗಳು ತಿರುಗಿಸುತ್ತಿದ್ದ ಕಬ್ಬಿಣದ ಗಾಣವನ್ನು ನೆನೆಯಿರಿ. ಅಲ್ಲಿ ಉರುಳೆಗಳ ತಲೆಯ ಮೇಲೆ ಇದ್ದದ್ದು ಹಲ್ಲುಗಾಲಿ. ಕಾರಣ ಸ್ಪಷ್ಟ. ಎತ್ತಿನ ನಡಿಗೆ ನಿಧಾನ, ತಿರುಚುಬಲ ಅಪಾರ. ಅಲ್ಲಿ ಪಟ್ಟೆ ಜಾರಿಹೋಗುತ್ತದೆ. ವೇಗ ಹೆಚ್ಚು, ದೂರ ಹೆಚ್ಚು, ಬಲ ಸಾಧಾರಣ ಎಂಬಲ್ಲಿ ಪಟ್ಟೆ. ವೇಗ ಕಡಿಮೆ, ಜಾಗ ಕಡಿಮೆ, ಬಲ ಅಪಾರ ಎಂಬಲ್ಲಿ ಹಲ್ಲುಗಾಲಿ. ಸ್ಥೂಲವಾಗಿ ಇದೇ ನಿಯಮ.

ಹಲ್ಲಿನ ಆಕಾರ, ಹಲ್ಲಿನ ಬಲ

ಚಕ್ರದ ಸುತ್ತ ಹೇಗೋ ಒಂದಷ್ಟು ಹಲ್ಲು ಕೊರೆದರೆ ಹಲ್ಲುಗಾಲಿಯಾಗುವುದಿಲ್ಲ. ಒಂದು ಹಲ್ಲು ಬಿಟ್ಟು ಇನ್ನೊಂದು ಹಿಡಿಯುವ ಪ್ರತಿ ಕ್ಷಣದಲ್ಲಿಯೂ ವೇಗದ ಅನುಪಾತ ಒಂದೇ ಆಗಿರಬೇಕು. ಇಲ್ಲದಿದ್ದರೆ ಚಕ್ರ ನಿಮಿಷಕ್ಕೆ ಸಾವಿರಾರು ಬಾರಿ ಮುಗ್ಗರಿಸುತ್ತ ಓಡುತ್ತದೆ. ಸದ್ದು, ಕಂಪನ, ಸವೆತ ಎಲ್ಲವೂ ಅದರ ಫಲ. ಈ ಸಮಸ್ಯೆಗೂ ಆಯ್ಲರನೇ ಉತ್ತರ ಸೂಚಿಸಿದ. ದಾರದ ಉಂಡೆಯ ತುದಿಗೆ ಪೆನ್ಸಿಲು ಕಟ್ಟಿ, ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ ಕಾಗದದ ಮೇಲೆ ಒಂದು ವಕ್ರರೇಖೆ ಮೂಡುತ್ತದೆ. ಅದರ ಹೆಸರು ಇನ್ವೊಲ್ಯೂಟ್. ಹಲ್ಲಿನ ಮಗ್ಗುಲಿಗೆ ಈ ಆಕಾರ ಕೊಟ್ಟರೆ ಅನುಪಾತ ಸ್ಥಿರವಾಗಿರುತ್ತದೆ. ಅಷ್ಟೇ ಅಲ್ಲ, ಎರಡು ಚಕ್ರಗಳ ಕೇಂದ್ರಗಳ ದೂರ ಜೋಡಣೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅನುಪಾತ ಕೆಡುವುದಿಲ್ಲ. ಮನುಷ್ಯನ ಕೈಯ ಅಪೂರ್ಣತೆಯನ್ನು ಕ್ಷಮಿಸುವ ಈ ಗುಣದಿಂದಾಗಿಯೇ ಇಂದು ಹೆಚ್ಚಿನ ಹಲ್ಲುಗಾಲಿಗಳು ಈ ಆಕಾರದವು.

ಆಕಾರದ ನಂತರ ಬಲ. 1892ರಲ್ಲಿ ಫಿಲಡೆಲ್ಫಿಯದ ವಿಲ್ಫ್ರೆಡ್ ಲೂಯಿಸ್ ಎಂಬ ಎಂಜಿನಿಯರ್ ಒಂದು ಸರಳ ದೃಷ್ಟಿಯನ್ನು ಮುಂದಿಟ್ಟ: ಹಲ್ಲನ್ನು ಗೋಡೆಯಿಂದ ಹೊರಚಾಚಿದ ಸಜ್ಜೆಯೆಂದು ತಿಳಿಯಿರಿ. ಸಜ್ಜೆಯ ತುದಿಯಲ್ಲಿ ಭಾರವಿಟ್ಟರೆ ಅದು ಬುಡದಲ್ಲಿ ಬಿರಿಯುತ್ತದೆ, ಹಲ್ಲೂ ಹಾಗೆಯೇ. ಆದುದರಿಂದ ಬುಡ ದಪ್ಪವಾಗಿರಬೇಕು, ಬುಡದ ಮೂಲೆ ಚೂಪಾಗಿರದೆ ನುಣುಪಾಗಿ ಬಾಗಿರಬೇಕು. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಗೀರು ಹಾಕಿ ಎಳೆದರೆ ಸರಾಗವಾಗಿ ಹರಿಯುವುದನ್ನು ಬಲ್ಲಿರಿ. ಲೋಹದಲ್ಲಿಯೂ ಚೂಪಾದ ಮೂಲೆ ಅಂಥ ಗೀರಿನ ಕೆಲಸವನ್ನೇ ಮಾಡುತ್ತದೆ.

ಒಂದೇ ಸಲಕ್ಕೆ ಮುರಿಯುವಷ್ಟು ಭಾರ ಬರುವುದು ಅಪರೂಪ. ಹೆಚ್ಚಿನ ಹಲ್ಲುಗಳು ಸಾಯುವುದು ದಣಿವಿನಿಂದ. ನಿಮಿಷಕ್ಕೆ 1440 ಸುತ್ತುವ ಚಕ್ರದ ಒಂದೊಂದು ಹಲ್ಲೂ ಗಂಟೆಗೆ 86,400 ಪೆಟ್ಟು ತಿನ್ನುತ್ತದೆ. ಹನ್ನೆರಡು ಗಂಟೆ ತುಂಬುವ ಮೊದಲೇ ಹತ್ತು ಲಕ್ಷ. ಬಗ್ಗಿಸಿ ಬಗ್ಗಿಸಿ ತಂತಿಯನ್ನು ಮುರಿಯುವ ಹಾಗೆ, ಒಂದೊಂದು ಪೆಟ್ಟೂ ಸಣ್ಣದಾಗಿದ್ದರೂ ಲೋಹ ಕೊನೆಗೆ ಸೋಲುತ್ತದೆ. ಬುಡದಲ್ಲಿ ಬಿರುಕು ಬಿಡುವುದು ಒಂದು ಬಗೆ. ಮಗ್ಗುಲಿನ ಮೈಯಲ್ಲಿ ಸಿಡುಬಿನಂತೆ ಗುಳಿ ಬೀಳುವುದು ಇನ್ನೊಂದು ಬಗೆ. ಅದಕ್ಕಾಗಿಯೇ ಒಳ್ಳೆಯ ಹಲ್ಲುಗಾಲಿಯ ಹೊರಮೈಯನ್ನು ಶಾಖ ಸಂಸ್ಕಾರದಿಂದ ಗಡುಸುಗೊಳಿಸಿ, ಒಳಗನ್ನು ಪೆಟ್ಟು ತಾಳಿಕೊಳ್ಳುವಷ್ಟು ಮೆದುವಾಗಿ ಬಿಡುತ್ತಾರೆ.

ಹಲ್ಲುಗಳ ಸಂಖ್ಯೆಯನ್ನು ಆರಿಸುವುದರಲ್ಲಿಯೂ ಒಂದು ಜಾಣ್ಮೆಯಿದೆ. ಚಿಕ್ಕ ಚಕ್ರಕ್ಕೆ 20, ದೊಡ್ಡದಕ್ಕೆ 60 ಹಲ್ಲು ಎಂದಿರಲಿ. ಆಗ ಚಿಕ್ಕದರ ಒಂದು ಹಲ್ಲು ಆಜೀವಪರ್ಯಂತ ದೊಡ್ಡದರ ಅದೇ ಮೂರು ಹಲ್ಲುಗಳನ್ನೇ ಭೇಟಿಯಾಗುತ್ತದೆ. ಒಂದರಲ್ಲಿ ದೋಷವಿದ್ದರೆ ಆ ಮೂರಕ್ಕೇ ನಿತ್ಯ ಪೆಟ್ಟು. ದೊಡ್ಡ ಚಕ್ರಕ್ಕೆ ಒಂದೇ ಒಂದು ಹಲ್ಲು ಹೆಚ್ಚಿಸಿ 61 ಮಾಡಿ. ಈಗ 20 ಮತ್ತು 61ಕ್ಕೆ ಸಾಮಾನ್ಯ ಅಪವರ್ತನವಿಲ್ಲ. ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಭೇಟಿಯಾಗುತ್ತದೆ. ಅದೇ ಜೋಡಿ ಮತ್ತೆ ಕೂಡುವುದು ಚಿಕ್ಕ ಚಕ್ರ 61 ಸುತ್ತು ಹಾಕಿದ ಮೇಲೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಇದು ಹೊಸತೇನಲ್ಲ. ಎಂಟು ಅಕ್ಷರದ ಆದಿತಾಳದಲ್ಲಿ ಐದು ಅಕ್ಷರದ ಜತಿಯೊಂದನ್ನು ಬಿಡದೆ ನುಡಿಸುತ್ತ ಹೋದರೆ ಅದು ಎಲ್ಲ ಅಕ್ಷರಗಳನ್ನೂ ಮುಟ್ಟಿಬಂದು, ನಲವತ್ತು ಅಕ್ಷರಗಳ ನಂತರ ಸಮಕ್ಕೆ ಬಂದು ಸೇರುವುದಿಲ್ಲವೇ? ಅದೇ ಗಣಿತ.

ಇನ್ನೊಂದು ಎಚ್ಚರಿಕೆ. ಭಾರತ, ಯುರೋಪುಗಳಲ್ಲಿ ಹಲ್ಲಿನ ಗಾತ್ರವನ್ನು ಮಾಡ್ಯೂಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ: ಮಿಲಿಮೀಟರಿನಲ್ಲಿ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದ್ದು. ಅಮೆರಿಕದಲ್ಲಿ ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಎಂದು ಎಣಿಸುವ ರೂಢಿ. ಇಲ್ಲಿಯ 10ರ ಅಳತೆ ಅಲ್ಲಿಯ 2.54 ಮಾಡ್ಯೂಲಿಗೆ ಸಮ. ಬೆಂಗಳೂರಿನಿಂದ ತರಿಸಿದ 2.5 ಮಾಡ್ಯೂಲಿನ ಚಕ್ರವನ್ನು ಪಕ್ಕದಲ್ಲಿಟ್ಟರೆ ಕಣ್ಣಿಗೆ ಎರಡೂ ಒಂದೇ. ನಲವತ್ತು ಹಲ್ಲಿನ ಚಕ್ರದಲ್ಲಿ ವ್ಯಾಸದ ವ್ಯತ್ಯಾಸ 1.6 ಮಿಲಿಮೀಟರ್ ಮಾತ್ರ. ಆದರೆ ಜೊತೆಗೂಡಿಸಿ ಓಡಿಸಿದರೆ ಗಲಾಟೆ ತಪ್ಪದು, ಆಯುಷ್ಯವೂ ಕ್ಷೀಣ.

ಮೊದಲು ಸೋಲುವ ಭಾಗ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಂತ್ರದ ಪ್ರತಿ ಭಾಗವನ್ನೂ ಸಮಾನವಾಗಿ ಬಲಿಷ್ಠವಾಗಿ ಮಾಡುವುದು ಉತ್ತಮ ವಿನ್ಯಾಸವೆಂದು ತೋರಬಹುದು. ಅದು ಹಾಗಲ್ಲ. ಎಲ್ಲ ಭಾಗಗಳೂ ಸಮಬಲವಾಗಿದ್ದರೆ, ಅತಿಭಾರ ಬಂದ ದಿನ ಯಾವುದು ಮುರಿಯುವುದೆಂದು ಯಾರೂ ಹೇಳಲಾರರು. ವಿನ್ಯಾಸಕ ಬೇಕೆಂದೇ ಒಂದು ಭಾಗವನ್ನು ದುರ್ಬಲವಾಗಿ ಮಾಡುತ್ತಾನೆ. ಅದು ಅಗ್ಗವಾಗಿರಬೇಕು, ಸುಲಭವಾಗಿ ಬದಲಿಸುವಂತಿರಬೇಕು, ಅದು ಮುರಿದಾಗ ಯಾರಿಗೂ ಅಪಾಯವಾಗಬಾರದು.

ಮಿಕ್ಸಿಯ ಜಾರಿನ ತಳದಲ್ಲಿ ಕಪ್ಪು ಬಣ್ಣದ ಹಲ್ಲುಹಲ್ಲಾದ ಕಪ್ಲರ್ ಇರುತ್ತದಲ್ಲ, ಅದು ಈ ಜಾತಿಯದು. ಒಣ ಅರಿಸಿನದ ಕೊಂಬು ಸಿಕ್ಕಿಕೊಂಡು ಬ್ಲೇಡು ನಿಂತುಬಿಟ್ಟರೆ ಕಪ್ಲರಿನ ಹಲ್ಲು ಹಾರುತ್ತದೆ, ಮೋಟಾರು ಉಳಿಯುತ್ತದೆ. ಕಪ್ಲರ್ ಎಷ್ಟು ಸಲ ಹಾಳಾಯಿತೆಂದು ತಯಾರಕನನ್ನು ಶಪಿಸುವವರು, ಅದು ಅಷ್ಟು ಸಲ ಮೋಟಾರನ್ನು ಉಳಿಸಿತೆಂಬುದನ್ನೂ ಎಣಿಸಬೇಕು. ಹಿಟ್ಟಿನ ಗಿರಣಿಯ ಕಲ್ಲಿನ ನಡುವೆ ಕಬ್ಬಿಣದ ಚೂರು ಸಿಕ್ಕಿದಾಗ ಪಟ್ಟೆ ಜಾರುವುದೂ ಅಥವಾ ಕಳಚಿ ಬೀಳುವುದೂ ಇದೇ ಉಪಕಾರ. ಪಟ್ಟೆಯ ದೌರ್ಬಲ್ಯವೆಂದು ತೋರುವುದು ಅಲ್ಲಿ ಅದರ ಸದ್ಗುಣ.

ಈ ದೇಶದ ಚಳಿ ಸೀಮೆಯಲ್ಲಿರುವವರು ಹಿಮ ತೆಗೆಯುವ ಸ್ನೋಬ್ಲೋವರನ್ನು ಬಲ್ಲರು. ಅದರ ಮುಂದಿನ ತಿರುಪಿನ ಅಲಗನ್ನು ದಂಡಕ್ಕೆ ಜೋಡಿಸುವುದು ಶಿಯರ್ ಪಿನ್ ಎಂಬ ಪುಟ್ಟ ಮೊಳೆ. ಹಿಮದೊಳಗೆ ಅಡಗಿದ ಕಲ್ಲೋ ಮಂಜುಗಡ್ಡೆಯೋ ಅಲಗಿಗೆ ಬಡಿದರೆ ಆ ಮೊಳೆ ತುಂಡಾಗುತ್ತದೆ. ಹೊಸ ಮೊಳೆಗೆ ಕೆಲವು ಡಾಲರ್ ಸಾಕು. ಎರಡು ಸಲ ತುಂಡಾದ ಮೇಲೆ ಬೇಸತ್ತು, ಗ್ಯಾರೇಜಿನಲ್ಲಿ ಸಿಕ್ಕ ಗಟ್ಟಿ ಉಕ್ಕಿನ ಬೋಲ್ಟನ್ನು ಹಾಕಿಬಿಡುವವರಿದ್ದಾರೆ. ಬೋಲ್ಟು ತುಂಡಾಗುವುದಿಲ್ಲ, ಮುಂದಿನ ಪೆಟ್ಟು ನೇರವಾಗಿ ಗಿಯರ್ ಪೆಟ್ಟಿಗೆಗೆ ಹೋಗುತ್ತದೆ. ಒಳಗಿನ ಹಲ್ಲುಗಾಲಿ ಪುಡಿಯಾದಾಗ ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಗೆ ಸಮೀಪಿಸಬಹುದು. ದುರ್ಬಲವಾದ ಆ ಮೊಳೆ ವಿನ್ಯಾಸಕ ನಮಗೆ ಬರೆದ ಪತ್ರ. ಅದನ್ನು ಓದದೆ ಹರಿದುಹಾಕಬಾರದು.

ಎಲ್ಲ ಕಡೆಯೂ ಜಾರುವಿಕೆ ಒಳ್ಳೆಯದಲ್ಲ. ಕಾರಿನ ಎಂಜಿನ್ನಿನಲ್ಲಿ ಕವಾಟಗಳು ಪಿಸ್ಟನ್ನಿನ ಚಲನೆಗೆ ಸರಿಯಾಗಿ ತೆರೆದು ಮುಚ್ಚಬೇಕು. ಅಲ್ಲಿ ಒಳಮೈಯಲ್ಲಿ ಹಲ್ಲುಳ್ಳ ರಬ್ಬರಿನ ಪಟ್ಟೆಯನ್ನು ಬಳಸುತ್ತಾರೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ಇದನ್ನು ಕಾರಿನಲ್ಲಿ ಅಳವಡಿಸಿತು. ಈ ಟೈಮಿಂಗ್ ಬೆಲ್ಟು ಜಾರುವುದಿಲ್ಲ, ಆದರೆ ಹರಿಯಬಹುದು. ಕೆಲವು ಬಗೆಯ ಎಂಜಿನ್ನುಗಳಲ್ಲಿ ಅದು ಓಟದ ನಡುವೆ ಹರಿದರೆ ಪಿಸ್ಟನ್ ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಅಗ್ಗದ ಭಾಗದ ಸೋಲು ಇಲ್ಲಿ ದುಬಾರಿ. ಆದುದರಿಂದ, ಇಷ್ಟು ಸಾವಿರ ಮೈಲಿಗೆ ಬದಲಿಸಿ ಎಂದು ಕಾರಿನ ಪುಸ್ತಕ ಹೇಳುತ್ತದೆ. ನೋಡಲು ಪಟ್ಟೆ ಚೆನ್ನಾಗಿಯೇ ಇದೆಯಲ್ಲ ಎಂದು ಮುಂದೂಡುವುದು ಜಾಣತನವಲ್ಲ.

ವಿನ್ಯಾಸಕ ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಮೊದಲು ಸೋಲುವುದು ಮನುಷ್ಯನ ಕೈಯೂ ಆಗಬಹುದು. ಕಬ್ಬಿನೊಡನೆ ಕೈಯನ್ನೂ ಸೆಳೆದುಕೊಳ್ಳುವ ಗಾಣ, ಸೀರೆಯ ಸೆರಗನ್ನೋ ಜಡೆಯನ್ನೋ ಹಿಡಿಯುವ ತೆರೆದ ಪಟ್ಟೆ – ಇವು ಕಲ್ಪನೆಯ ಭಯಗಳಲ್ಲ. ಪಟ್ಟೆ ರಾಟೆಯನ್ನು ಸೇರುವ ಜಾಗ, ಹಲ್ಲು ಹಲ್ಲನ್ನು ಕೂಡುವ ಜಾಗ, ಇವೆರಡೂ ಒಳಕ್ಕೆ ಎಳೆದುಕೊಳ್ಳುವ ಬಾಯಿಗಳು. ಅವಕ್ಕೆ ಮುಚ್ಚಳವಿರಲೇಬೇಕು. ಊರಿನಲ್ಲಿ ನಿಮ್ಮ ಬಂಧುಗಳಿಗೆ ಗಿರಣಿಯೋ ಗಾಣವೋ ಇದ್ದರೆ, ಮುಂದಿನ ಸಲ ಹೋದಾಗ ಪಟ್ಟೆಗೆ ಒಂದು ತಂತಿಜಾಲರಿ ಹಾಕಿಸಿ ಬನ್ನಿ. ಸ್ನೋಬ್ಲೋವರಿನ ಬಾಯಿಗೂ ಎಂದೂ ಕೈ ಹಾಕಬೇಡಿ. ಎಂಜಿನ್ ಆರಿಸಿದ ಮೇಲೂ ಸಿಕ್ಕಿಕೊಂಡ ಅಲಗಿನಲ್ಲಿ ಒತ್ತಡ ಉಳಿದು, ಹಿಮವನ್ನು ಬಿಡಿಸಿದ ಕ್ಷಣದಲ್ಲಿ ಅದು ತಿರುಗಬಹುದು.

ಸೋಲಲೇಬಾರದ ಕಡೆ

ಮೊಳೆ ತುಂಡಾಗಲಿ, ಪಟ್ಟೆ ಜಾರಲಿ ಎನ್ನಲಾಗದ ಯಂತ್ರಗಳೂ ಇವೆ. ಹೆಲಿಕಾಪ್ಟರಿನ ಎಂಜಿನ್ ಅತಿ ವೇಗವಾಗಿ ತಿರುಗುತ್ತದೆ. ನೆತ್ತಿಯ ಮೇಲಿನ ರೆಕ್ಕೆಗಳು ನಿಧಾನವಾಗಿ ತಿರುಗಬೇಕು. ನಡುವೆ ಇರುವುದು ಗಿಯರ್ ಪೆಟ್ಟಿಗೆ. ಅದರೊಳಗೆ ನಡುವಣ ಚಕ್ರಕ್ಕೆ ಸೂರ್ಯನೆಂದೂ ಅದನ್ನು ಸುತ್ತುವ ಚಕ್ರಗಳಿಗೆ ಗ್ರಹಗಳೆಂದೂ ಹೆಸರು. ಆಕಾಶದಲ್ಲಿ ಅಲ್ಲಿ ಏನೂ ಸೋಲಲಾಗದು. ಹಾಗಾದರೆ ಉಪಾಯವೇನು? ಸೋಲಿನ ಮುನ್ಸೂಚನೆಯನ್ನು ಹಿಡಿಯುವುದು. ಹಲ್ಲು ಅಥವಾ ಬೇರಿಂಗು ಕೆಡತೊಡಗಿದಾಗ ಲೋಹದ ಕಣಗಳು ಎಣ್ಣೆಗೆ ಉದುರುತ್ತವೆ. ಎಣ್ಣೆಯ ದಾರಿಯಲ್ಲಿ ಅಯಸ್ಕಾಂತವೊಂದನ್ನು ಇಟ್ಟರೆ ಕಣಗಳು ಅಂಟಿಕೊಂಡು ಎಚ್ಚರಿಕೆ ಕೊಡುತ್ತವೆ.

2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡಿನ ಬಳಿ ಉತ್ತರ ಸಮುದ್ರದಲ್ಲಿ ಸೂಪರ್ ಪ್ಯೂಮಾ ಹೆಲಿಕಾಪ್ಟರೊಂದು ಬಿದ್ದು 16 ಜನ ಸತ್ತರು. ಒಂದು ಗ್ರಹಚಕ್ರ ದಣಿವಿನಿಂದ ಸೀಳಿತ್ತು. ಕೆಲವೇ ದಿನಗಳ ಮೊದಲು ಆ ಪೆಟ್ಟಿಗೆಯಲ್ಲಿ ಒಂದು ಲೋಹದ ಚೂರು ಸಿಕ್ಕಿತ್ತು. ಅದರ ಪೂರ್ಣ ಅರ್ಥ ಆಗ ತಿಳಿಯಲಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯ ತೂರೋಯ್ ಬಳಿ ಅದೇ ವಂಶದ ಇನ್ನೊಂದು ಹೆಲಿಕಾಪ್ಟರಿನ ರೆಕ್ಕೆಗಳು ಹಾರಾಟದಲ್ಲಿಯೇ ಕಳಚಿದವು; 13 ಜನ ಸತ್ತರು. ಮತ್ತೆ ಒಂದು ಗ್ರಹಚಕ್ರ. ನಾರ್ವೆಯ ತನಿಖೆಯ ಪ್ರಕಾರ, ಚಕ್ರದ ಒಳಗಿನ ಬೇರಿಂಗಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಯಿಂದ ಬಿರುಕು ಆರಂಭವಾಗಿ, ಮೈಯಡಿಯಲ್ಲಿಯೇ ಬೆಳೆದು, ಅಯಸ್ಕಾಂತ ಹಿಡಿಯುವಷ್ಟು ಕಣಗಳನ್ನು ಉದುರಿಸದೆ, ಚಕ್ರವನ್ನು ಸೀಳಿತ್ತು. ಕಾವಲುಗಾರನಿದ್ದ, ಕಳ್ಳ ಬೇರೆ ದಾರಿಯಿಂದ ಬಂದ.

ಇದರಿಂದ ಕಲಿಯಬೇಕಾದುದು ಇಷ್ಟು. ಮೊದಲು ಸೋಲುವ ಭಾಗ ಯಾವುದೆಂದು ತಿಳಿದಿದ್ದರೆ ಸಾಲದು. ಅದು ಸೋಲುವ ಮೊದಲು ಮಾತಾಡುತ್ತದೆಯೇ, ಆ ಮಾತು ನಮಗೆ ಕೇಳಿಸುತ್ತದೆಯೇ ಎಂಬುದನ್ನೂ ವಿನ್ಯಾಸದ ಹಂತದಲ್ಲಿಯೇ ಕೇಳಿಕೊಳ್ಳಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಕೆಡುವ ಮೊದಲೇ ಆ ಬುದ್ಧಿಯನ್ನು ತರಿಸಿಕೊಳ್ಳುವ ಶಿಸ್ತಿಗೆ ವಿನ್ಯಾಸವೆಂದು ಹೆಸರು.

ನಮ್ಮ ಮಕ್ಕಳಲ್ಲಿ ಕೆಲವರಾದರೂ ಈ ವಿದ್ಯೆಯತ್ತ ಒಲಿಯಲಿ ಎಂಬುದು ನನ್ನ ಹಾರೈಕೆ. ವಿದ್ಯುತ್ ಕಾರು ಬಂದರೂ ಹಲ್ಲುಗಾಲಿ ಹೋಗಿಲ್ಲ. ಅದರ ಮೋಟಾರಿಗೂ ಚಕ್ರಕ್ಕೂ ನಡುವೆ ವೇಗವನ್ನು ಸಾಮಾನ್ಯವಾಗಿ ಒಂಬತ್ತನೆಯ ಒಂದರ ಆಸುಪಾಸಿಗೆ ಇಳಿಸುವ ಹಲ್ಲುಗಾಲಿಗಳಿವೆ. ಬಯಲಿನಲ್ಲಿ ತಿರುಗುವ ಅನೇಕ ಗಾಳಿಯಂತ್ರಗಳ ನೆತ್ತಿಯಲ್ಲಿಯೂ ಇವೇ ಗ್ರಹಚಕ್ರಗಳು ದುಡಿಯುತ್ತಿವೆ. ಮನೆಯಲ್ಲಿ ಯಾವುದಾದರೂ ಯಂತ್ರ ಕೆಟ್ಟರೆ ಎಸೆಯುವ ಮೊದಲು, ವಿದ್ಯುತ್ ಸಂಪರ್ಕ ಕಳಚಿ, ಮಕ್ಕಳೊಡನೆ ಕುಳಿತು ಬಿಚ್ಚಿ ನೋಡಿ. ಹಲ್ಲುಗಳನ್ನು ಎಣಿಸಲು ಹೇಳಿ. ಯಾವ ಭಾಗ ಮುರಿದಿದೆ, ಅದೇ ಏಕೆ ಮುರಿಯಿತು, ಬೇರೆ ಯಾವುದು ಮುರಿಯಬಹುದಿತ್ತು ಎಂದು ಕೇಳಿ.